ಲೂಸಿಯಾ ಹಬ್ಬದ ಕೇಸರಿ ಬನ್ನು: ಒಣಗದಂತೆ ಬೇಯಿಸುವ ಕ್ರಮ

ಡಿಸೆಂಬರ್ 13ರ ನಸುಕಿನಲ್ಲಿ ಸ್ವೀಡನ್ನಿನ ಮನೆ, ಶಾಲೆ, ಚರ್ಚು, ಕಚೇರಿಗಳಲ್ಲಿ ಸಂತ ಲೂಸಿಯಾಳ ಮೆರವಣಿಗೆ ನಡೆಯುತ್ತದೆ. ಬಿಳಿಯ ನಿಲುವಂಗಿ ತೊಟ್ಟು, ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ, ತಲೆಯ ಮೇಲೆ ಮೇಣದಬತ್ತಿಗಳ ಕಿರೀಟ ಹೊತ್ತ ಹುಡುಗಿ ಮುಂದೆ ನಡೆದರೆ, ಬಿಳಿ ಉಡುಪಿನ ಮಕ್ಕಳು ಹಾಡುತ್ತಾ ಅವಳನ್ನು ಹಿಂಬಾಲಿಸುತ್ತಾರೆ. ಆ ದಿನಗಳಲ್ಲಿ ಸ್ಟಾಕ್‌ಹೋಮಿನಲ್ಲಿ ಸೂರ್ಯ ಮೂಡುವುದು ಬೆಳಗ್ಗೆ ಎಂಟೂವರೆ ದಾಟಿದ ಮೇಲೆ; ಮುಳುಗುವುದು ಮಧ್ಯಾಹ್ನ ಮೂರು ಗಂಟೆಯೊಳಗೆ. ಉತ್ತರದ ಕಿರುನಾ ಪಟ್ಟಣದಲ್ಲಂತೂ ಆಗ ಸೂರ್ಯ ಮೂಡುವುದೇ ಇಲ್ಲ. ಇಂಥ ಕತ್ತಲಿನ ನಡುವೆ ಬಿಸಿ ಕಾಫಿಯ ಜೊತೆಗೆ ಎಲ್ಲರಿಗೂ ಹಂಚುವ ತಿಂಡಿ ಲುಸ್ಸೆಕಾಟ್. ಕೇಸರಿ ಹಾಕಿ ನಾದಿದ ಹಿಟ್ಟನ್ನು ಎರಡೂ ತುದಿಗಳಿಂದ ಸುರುಳಿ ಸುತ್ತಿ, ಸುರುಳಿಗೊಂದರಂತೆ ಒಣದ್ರಾಕ್ಷಿ ಒತ್ತಿ ಬೇಯಿಸುವ ಹಳದಿ ಬನ್ನು ಇದು.

ಲೂಸಿಯಾ ಇಟಲಿಯ ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣದವಳು. ನಾಲ್ಕನೆಯ ಶತಮಾನದ ಆರಂಭದಲ್ಲಿ ಹುತಾತ್ಮಳಾದವಳೆಂದು ಕ್ರೈಸ್ತ ಪರಂಪರೆ ಅವಳನ್ನು ನೆನೆಯುತ್ತದೆ. ದೂರದ ಉತ್ತರ ದೇಶವೊಂದು ಅವಳ ದಿನವನ್ನು ಇಷ್ಟು ಅಕ್ಕರೆಯಿಂದ ಉಳಿಸಿಕೊಂಡಿದ್ದರ ಹಿಂದೆ ಪಂಚಾಂಗದ ಲೆಕ್ಕವೂ ಇದೆ. ಸ್ವೀಡನ್ 1753ರಲ್ಲಿ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾಯಿತು. ಅದಕ್ಕೂ ಹಿಂದಿನ ಹಳೆಯ ಎಣಿಕೆಯಲ್ಲಿ ಲೂಸಿಯಾಳ ರಾತ್ರಿಯೇ ವರ್ಷದ ಅತಿ ದೀರ್ಘ ರಾತ್ರಿ ಎಂಬ ನಂಬಿಕೆ ಜನರಲ್ಲಿತ್ತು. 1927ರಲ್ಲಿ ಸ್ಟಾಕ್‌ಹೋಮಿನ ಪತ್ರಿಕೆಯೊಂದು ನಗರಕ್ಕೊಬ್ಬ ಲೂಸಿಯಾಳನ್ನು ಆರಿಸುವ ಸ್ಪರ್ಧೆ ನಡೆಸಿದ ಮೇಲೆ ಇಂದು ಕಾಣುವ ಮೆರವಣಿಗೆ ದೇಶದ ತುಂಬ ಹಬ್ಬಿತು. ಕೇಸರಿ ಬಹುಕಾಲ ಉಳ್ಳವರ ಅಡುಗೆಮನೆಗೆ ಮಾತ್ರ ಎಟುಕುತ್ತಿದ್ದ ಸಾಮಗ್ರಿ. ಈಗ ಡಿಸೆಂಬರ್ ಬಂತೆಂದರೆ ಸ್ವೀಡನ್ನಿನ ಯಾವ ಬೇಕರಿಗೆ ಹೋದರೂ ಈ ಬನ್ನು ಸಿಗುತ್ತದೆ.

ಈ ಬನ್ನಿನ ಬಗ್ಗೆ ಎಲ್ಲೆಡೆ ಕೇಳಿಬರುವ ದೂರು ಒಂದೇ. ಬೆಳಗ್ಗೆ ಬೇಯಿಸಿದ್ದು ಸಂಜೆಯ ಹೊತ್ತಿಗೆ ಒಣಗಿ ಪುಡಿಪುಡಿಯಾಗುತ್ತದೆ ಎಂದು ಸ್ವೀಡನ್ನಿನವರೇ ಹೇಳುತ್ತಾರೆ. ಕೇಸರಿ ಹಿಟ್ಟಿನ ಪಸೆಯನ್ನು ಹೀರುತ್ತದೆ ಎಂಬ ಮಾತು ಅಲ್ಲಿ ಮನೆಮನೆಯಲ್ಲೂ ಇದೆ. ಅರ್ಧ ಕಿಲೋ ಹಿಟ್ಟಿಗೆ ಬೀಳುವ ಅರ್ಧ ಗ್ರಾಂ ಕೇಸರಿ ಅಷ್ಟು ದೊಡ್ಡ ತಪ್ಪು ಮಾಡಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೈಗೆ ಅಂಟುತ್ತದೆಂದು ನಾದುವಾಗ ಸೇರಿಸುವ ಹೆಚ್ಚುವರಿ ಹಿಟ್ಟು ಮತ್ತು ಬಣ್ಣ ಬರಲೆಂದು ಓವನ್ನಿನಲ್ಲಿ ಬಿಡುವ ಹೆಚ್ಚುವರಿ ನಿಮಿಷಗಳು, ಇವೆರಡೇ ಬನ್ನನ್ನು ಒಣಗಿಸುತ್ತವೆ. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯಲ್ಲೂ ಈ ಎರಡನ್ನು ತಡೆಯುವುದೇ ಮುಖ್ಯ ಉದ್ದೇಶ.

ಕೇಸರಿಯನ್ನು ಸಿದ್ಧಪಡಿಸುವುದು

ಕೇಸರಿಯ ಕೆಲಸ ಹಿಂದಿನ ರಾತ್ರಿಯೇ ಆರಂಭವಾಗಬೇಕು. ನಮ್ಮ ಮನೆಗಳಲ್ಲಿ ಕೇಸರಿಭಾತಿಗೋ ಶ್ರೀಖಂಡಕ್ಕೋ ನಾಲ್ಕಾರು ಎಳೆಗಳನ್ನು ಹಾಲಿನಲ್ಲಿ ನೆನೆಹಾಕಿದರೆ ಸಾಕಾಗುತ್ತದೆ. ಇಲ್ಲಿ ಬೇಕಾಗುವುದು ಅದರ ಹಲವು ಪಟ್ಟು. ಹದಿನೆಂಟು ಬನ್ನುಗಳಿಗೆ ಅರ್ಧ ಗ್ರಾಂ, ಅಂದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಒಂದು ಗ್ರಾಂ ಡಬ್ಬಿಯ ಸರಿಯಾದ ಅರ್ಧ. ಸ್ವೀಡನ್ನಿನಲ್ಲಿ ಕೇಸರಿಯನ್ನು ಪುಡಿ ಮಾಡಿಯೇ ಅರ್ಧ ಗ್ರಾಂನ ಪುಟ್ಟ ಪೊಟ್ಟಣಗಳಲ್ಲಿ ತುಂಬಿರುತ್ತಾರೆ. ಬೆಲೆ ಹೆಚ್ಚಾದ್ದರಿಂದ ಅನೇಕ ಅಂಗಡಿಗಳಲ್ಲಿ ಅದನ್ನು ಹಣ ಕೊಡುವ ಕಟ್ಟೆಯ ಬಳಿ ಕೇಳಿಯೇ ಪಡೆಯಬೇಕು. ನಾವು ಎಳೆಯನ್ನೇ ಕೊಳ್ಳುವುದು ಮೇಲು, ಏಕೆಂದರೆ ಪುಡಿಯಲ್ಲಿ ಕಲಬೆರಕೆಯನ್ನು ಗುರುತಿಸುವುದು ಕಷ್ಟ. ಕಾಶ್ಮೀರದ ಪಾಂಪೋರಿನ ಸುತ್ತಮುತ್ತ ಬೆಳೆಯುವ ಕೇಸರಿಗೆ 2020ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅದು ಸಿಕ್ಕರೆ ಬಹಳ ಒಳ್ಳೆಯದು, ಇರಾನಿನ ಕೇಸರಿಯಾದರೂ ಏನೂ ಕೊರತೆಯಿಲ್ಲ.

ಕೊಂಡದ್ದು ನಿಜವಾದ ಕೇಸರಿಯೇ ಎಂದು ನೋಡಲು ಎರಡು ಎಳೆಗಳನ್ನು ಬೆಚ್ಚಗಿನ ನೀರಿಗೆ ಹಾಕಿ ಕಾಯಬೇಕು. ಒಳ್ಳೆಯ ಕೇಸರಿ ಬಣ್ಣ ಬಿಡಲು ಆತುರಪಡುವುದಿಲ್ಲ. ಮೊದಲು ಎಳೆಯ ಸುತ್ತ ಹಳದಿಯ ಒಂದು ತೆಳು ನೂಲು ಕಾಣಿಸಿಕೊಂಡು, ನಿಧಾನವಾಗಿ ತಳಕ್ಕೆ ಇಳಿದು, ಹತ್ತು ಹದಿನೈದು ನಿಮಿಷಗಳಲ್ಲಿ ನೀರೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ. ಅಷ್ಟಾದರೂ ಎಳೆ ಕೆಂಪಾಗಿಯೇ ಉಳಿದಿರುತ್ತದೆ. ಹಾಕಿದ ಕ್ಷಣದಲ್ಲೇ ನೀರು ಕೆಂಪಾಗಿ, ಎಳೆ ಬಿಳಿಚಿಕೊಂಡರೆ ಅದು ಬಣ್ಣ ಹಚ್ಚಿದ ಸರಕು.

ಕೇಸರಿಯಲ್ಲಿ ಮೂರು ಗುಣಗಳಿವೆ, ಮೂರಕ್ಕೂ ಬೇರೆ ಬೇರೆ ವಸ್ತುಗಳು ಕಾರಣ. ಬಣ್ಣ ಕೊಡುವುದು ಕ್ರೋಸಿನ್, ನಸುಗಹಿ ರುಚಿ ಕೊಡುವುದು ಪಿಕ್ರೋಕ್ರೋಸಿನ್, ಪರಿಮಳ ಕೊಡುವುದು ಸ್ಯಾಫ್ರನಾಲ್. ಕ್ರೋಸಿನ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಎಣ್ಣೆ ತುಪ್ಪಗಳಲ್ಲಿ ಕರಗುವುದಿಲ್ಲ. ಆದ್ದರಿಂದ ಎಳೆಗಳನ್ನು ನೇರವಾಗಿ ಕರಗಿದ ಬೆಣ್ಣೆಗೆ ಹಾಕಿದರೆ ಬಣ್ಣ ಬರುವುದಿಲ್ಲ, ಹಾಲಿನಲ್ಲೇ ನೆನೆಯಬೇಕು. ಸ್ಯಾಫ್ರನಾಲ್ ಮದ್ಯಸಾರದಲ್ಲಿ ಸುಲಭವಾಗಿ ಬಿಡುಗಡೆಯಾಗುವುದರಿಂದ ಸ್ವೀಡನ್ನಿನ ಅನೇಕ ಮನೆಗಳಲ್ಲಿ ಕೇಸರಿಯನ್ನು ಒಂದು ಚಮಚ ಬ್ರಾಂದಿಯಲ್ಲೋ ರಮ್ಮಿನಲ್ಲೋ ನೆನೆಸಿಡುವ ರೂಢಿಯಿದೆ. ಅದು ಬೇಡವೆನ್ನುವವರು ಹಾಲನ್ನಷ್ಟೇ ಬಳಸಿ, ನೆನೆಯುವ ಹೊತ್ತನ್ನು ರಾತ್ರಿಯಿಡೀ ವಿಸ್ತರಿಸಿದರೆ ಪರಿಮಳದಲ್ಲಿ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ.

ಎಳೆಗಳನ್ನು ಕುಟ್ಟುವ ಮೊದಲು ಅವುಗಳ ತೇವ ಹೋಗಬೇಕು. ದೋಸೆಯ ಹಂಚನ್ನು ಕಾಯಿಸಿ, ಒಲೆ ಆರಿಸಿ, ಅದರ ಮೇಲೆ ಒಂದು ಪುಟ್ಟ ಸ್ಟೀಲ್ ಬಟ್ಟಲಿಟ್ಟು, ಅದರಲ್ಲಿ ಕೇಸರಿಯನ್ನು ಎರಡು ನಿಮಿಷ ಬೆಚ್ಚಗಾಗಲು ಬಿಟ್ಟರೆ ಎಳೆಗಳು ಬೆರಳಿಗೆ ಗರಿಗರಿಯಾಗುತ್ತವೆ. ಉರಿಯ ಮೇಲೆ ಹುರಿಯಬಾರದು. ಪರಿಮಳ ಹಾರಿಹೋಗಿ ಕಹಿ ಮಾತ್ರ ಉಳಿಯುತ್ತದೆ. ಹೀಗೆ ಒಣಗಿದ ಎಳೆಗಳನ್ನು ಒಂದು ಚಮಚ ಸಕ್ಕರೆಯೊಂದಿಗೆ ಕುಟ್ಟಾಣಿಯಲ್ಲಿ ಹಾಕಿ ಅರೆಯಬೇಕು. ಸಕ್ಕರೆಯ ಹರಳುಗಳು ಎಳೆಗಳನ್ನು ಉಜ್ಜಿ ನುಣ್ಣಗಾಗಿಸುತ್ತವೆ. ಅರೆದಂತೆಲ್ಲ ಬಿಳಿಯ ಸಕ್ಕರೆ ಮೊದಲು ಹಳದಿಗೂ ಆಮೇಲೆ ಇಟ್ಟಿಗೆಯ ಕೆಂಪಿಗೂ ತಿರುಗುತ್ತದೆ. ಈ ಪುಡಿಯ ಮೇಲೆ ಎರಡು ದೊಡ್ಡ ಚಮಚದಷ್ಟು ಬಿಸಿ ಹಾಲು ಸುರಿದು, ಮುಚ್ಚಿ, ಆರಿದ ಮೇಲೆ ಫ್ರಿಜ್ಜಿನಲ್ಲಿ ಬೆಳಗಿನವರೆಗೆ ಇಡಬೇಕು. ಕುಟ್ಟಾಣಿಗೆ ಅಂಟಿಕೊಂಡದ್ದನ್ನೂ ಒಂದು ಚಮಚ ಹಾಲು ಹಾಕಿ ತೊಳೆದು ಅದೇ ಬಟ್ಟಲಿಗೆ ಸೇರಿಸುವುದನ್ನು ಮರೆಯಬಾರದು, ಇಷ್ಟು ಬೆಲೆಯ ಪದಾರ್ಥದ ಒಂದು ಕಣವೂ ವ್ಯರ್ಥವಾಗಬಾರದು.

ಕೇಸರಿ ಎಂದೊಡನೆ ಏಲಕ್ಕಿಯನ್ನೂ ಹಾಕಲು ನಮ್ಮ ಕೈ ತಾನಾಗಿ ಮುಂದಾಗುತ್ತದೆ. ಸ್ವೀಡನ್ನಿನವರಿಗೂ ಏಲಕ್ಕಿ ಬಹಳ ಪ್ರಿಯ. ಅಲ್ಲಿ ವರ್ಷವಿಡೀ ಮಾರುವ ಸಿಹಿ ಬನ್ನುಗಳಲ್ಲಿ ಅದರದೇ ಪ್ರಾಬಲ್ಯ. ಆದರೆ ಲೂಸಿಯಾ ಬನ್ನಿನಲ್ಲಿ ಕೇಸರಿಯೊಂದೇ ಮಾತನಾಡಬೇಕು ಎಂದು ನನಗನ್ನಿಸುತ್ತದೆ. ಮಲೆನಾಡಿನ ಒಳ್ಳೆಯ ಏಲಕ್ಕಿ ಮನೆಯಲ್ಲಿದ್ದರೂ ಈ ಒಂದು ದಿನ ಅದನ್ನು ಡಬ್ಬಿಯಲ್ಲೇ ಬಿಡುವುದು ಉಚಿತ.

ಉಳಿದ ಸಾಮಗ್ರಿ

ಸ್ವೀಡನ್ನಿನ ಮನೆಯ ಸಾಮಾನ್ಯ ಅಳತೆಯಲ್ಲಿ ಅರ್ಧ ಲೀಟರ್ ಹಾಲಿಗೆ ಐವತ್ತು ಗ್ರಾಂ ಹಸಿ ಯೀಸ್ಟ್ ಮತ್ತು ಒಂದು ಗ್ರಾಂ ಕೇಸರಿ ಬೀಳುತ್ತವೆ. ನಮ್ಮ ಒಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್) ಓವನ್ನುಗಳಿಗೆ ಅದರ ಅರ್ಧವೇ ಅನುಕೂಲ. ಈ ಅರ್ಧ ಅಳತೆಗೆ 250 ಮಿಲಿಲೀಟರ್ ಕೊಬ್ಬಿರುವ ಹಾಲು, 520 ಗ್ರಾಂ ಮೈದಾ, 8 ಗ್ರಾಂ ಇನ್‌ಸ್ಟೆಂಟ್ ಒಣ ಯೀಸ್ಟ್ ಅಥವಾ 25 ಗ್ರಾಂ ಹಸಿ ಯೀಸ್ಟ್, 90 ಗ್ರಾಂ ಸಕ್ಕರೆ, 90 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಅರ್ಧ ಚಿಕ್ಕ ಚಮಚ ಉಪ್ಪು, 125 ಗ್ರಾಂ ನೀರು ಬಸಿದ ಗಟ್ಟಿ ಮೊಸರು, 36 ಒಣದ್ರಾಕ್ಷಿ ಮತ್ತು ಮೇಲೆ ಸವರಲು ಒಂದು ಮೊಟ್ಟೆ ಬೇಕು. ಕೇಸರಿ ನೆನೆಸಿದ ಹಾಲೂ ಈ 250 ಮಿಲಿಲೀಟರಿನೊಳಗೇ ಸೇರಿದ್ದು. ಅಂಗಡಿಯ ಉಪ್ಪು ಬೆಣ್ಣೆಯನ್ನೇ ಬಳಸುವುದಾದರೆ ಉಪ್ಪನ್ನು ಅರ್ಧಕ್ಕೆ ಇಳಿಸಬೇಕು.

ಪಟ್ಟಿಯಲ್ಲಿ ಮೊಸರು ಕಂಡು ಆಶ್ಚರ್ಯವಾಗಬಹುದು. ಸ್ವೀಡನ್ನಿನಲ್ಲಿ ಈ ಬನ್ನು ಮೆತ್ತಗೆ ಉಳಿಯಲೆಂದು ಕ್ವಾರ್ಗ್ ಎಂಬ ಮೆದು ಹುಳಿಗಿಣ್ಣನ್ನು ಹಿಟ್ಟಿಗೆ ಸೇರಿಸುವುದು ಈಗ ಬಹಳ ಮನೆಗಳ ಪದ್ಧತಿ. ಅದರ ಜಾಗದಲ್ಲಿ ನಮ್ಮ ಗಟ್ಟಿ ಮೊಸರು ಸಲೀಸಾಗಿ ಕೂರುತ್ತದೆ. ಹುಳಿಯಾಗದ ತಾಜಾ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ ಬಸಿಯಲು ಬಿಡಬೇಕು. ಸುಮಾರು 300 ಗ್ರಾಂ ಮೊಸರಿನಿಂದ ಬೇಕಾದಷ್ಟು ದೊರೆಯುತ್ತದೆ. ಮೊಸರಿನ ಪ್ರೋಟೀನು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೆಂದ ಬನ್ನು ಮರುದಿನವೂ ಮೆತ್ತಗಿರುತ್ತದೆ.

ಸ್ವೀಡನ್ನಿನಲ್ಲೇ ನೆಲೆಸಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಪಾಕವಿಧಾನಗಳು ಹಿಟ್ಟನ್ನೂ ಸಕ್ಕರೆಯನ್ನೂ ಡೆಸಿಲೀಟರಿನಲ್ಲಿ (100 ಮಿಲಿಲೀಟರ್) ಅಳೆಯುತ್ತವೆ. ಒಂದು ಡೆಸಿಲೀಟರ್ ಗೋಧಿಹಿಟ್ಟು ಸುಮಾರು 60 ಗ್ರಾಂ ತೂಗುತ್ತದೆ. ಅದು ಹಿಟ್ಟನ್ನು ಸಡಿಲವಾಗಿ ತುಂಬಿದಾಗಿನ ಲೆಕ್ಕ. ಪೊಟ್ಟಣದೊಳಕ್ಕೆ ಅಳತೆಯ ಬಟ್ಟಲನ್ನು ಅದುಮಿ ತೆಗೆದರೆ ಪ್ರತಿ ಬಟ್ಟಲಿಗೂ ಹೆಚ್ಚು ಹಿಟ್ಟು ಸೇರಿ, ನಾದುವ ಮುನ್ನವೇ ಬನ್ನು ಒಣಗುವ ದಾರಿ ಹಿಡಿದಿರುತ್ತದೆ. ಎಲ್ಲಿದ್ದರೂ ತಕ್ಕಡಿ ಬಳಸುವುದೇ ಕ್ಷೇಮ. ಅಲ್ಲಿ ಸಿಹಿ ಹಿಟ್ಟಿಗೆಂದೇ ಪ್ರತ್ಯೇಕವಾದ ಯೀಸ್ಟ್ ಸಿಗುತ್ತದೆ. ಸಕ್ಕರೆ ಹೆಚ್ಚಿದ ಹಿಟ್ಟಿನಲ್ಲಿ ಸಾಮಾನ್ಯ ಯೀಸ್ಟಿನ ಕೆಲಸ ನಿಧಾನವಾಗುವುದರಿಂದ ಆ ಬಗೆಯನ್ನು ಕೊಳ್ಳುವುದು ಲೇಸು. ನಮ್ಮಲ್ಲಿ ಸಿಗುವ ಸಾಮಾನ್ಯ ಒಣ ಯೀಸ್ಟಿನಿಂದಲೂ ಕೆಲಸ ಆಗುತ್ತದೆ, ಉಬ್ಬಲು ಸ್ವಲ್ಪ ಹೆಚ್ಚು ಹೊತ್ತು ಕೊಟ್ಟರೆ ಸಾಕು.

ಕಲಸುವುದು, ನಾದುವುದು

ಹಾಲನ್ನು ಒಮ್ಮೆ ಕಾಯಿಸಿ, ಬೆರಳು ಅದ್ದಿದರೆ ಬಿಸಿಯೂ ತಣ್ಣಗೂ ಅನ್ನಿಸದ ಹದಕ್ಕೆ, ಅಂದರೆ ಸುಮಾರು 37 ಡಿಗ್ರಿಗೆ ಆರಿಸಬೇಕು. ಕೈಗೆ ಸುಡುವಷ್ಟು ಬಿಸಿಯಿದ್ದರೆ ಯೀಸ್ಟ್ ಸತ್ತುಹೋಗುತ್ತದೆ. ಅಗಲವಾದ ಪಾತ್ರೆಯಲ್ಲಿ ಹಾಲು, ನೆನೆದ ಕೇಸರಿ, ಗಟ್ಟಿ ಮೊಸರು, ಸಕ್ಕರೆ, ಯೀಸ್ಟುಗಳನ್ನು ಕೂಡಿಸಿ ಕದಡಿ, 470 ಗ್ರಾಂ ಮೈದಾವನ್ನು ಮಾತ್ರ ಸೇರಿಸಬೇಕು. ಉಳಿದ 50 ಗ್ರಾಂ ಬೇರೆ ತಟ್ಟೆಯಲ್ಲಿ ಇರಲಿ. ಒಣ ಹಿಟ್ಟು ಕಾಣದಂತೆ ಮರದ ಸೌಟಿನಿಂದ ಕಲಸಿ, ಮುಚ್ಚಿ, ಇಪ್ಪತ್ತು ನಿಮಿಷ ಸುಮ್ಮನೆ ಬಿಡಬೇಕು. ಈ ಬಿಡುವಿನಲ್ಲಿ ಹಿಟ್ಟು ನೀರನ್ನು ಹೀರಿಕೊಂಡು, ಅಂಟು ತಾನಾಗಿ ಬಹುಪಾಲು ಕಡಿಮೆಯಾಗುತ್ತದೆ. ಹೆಚ್ಚು ಹಿಟ್ಟು ಸುರಿಯುವ ಆಸೆಯೂ ಅದರೊಂದಿಗೆ ತಗ್ಗುತ್ತದೆ.

ಆಮೇಲೆ ಉಪ್ಪು ಹಾಕಿ ನಾದಲು ತೊಡಗಬೇಕು. ಐದು ನಿಮಿಷ ನಾದಿ ಹಿಟ್ಟು ಒಂದು ಹಿಡಿತಕ್ಕೆ ಬಂದ ಮೇಲೆ, ಮೆತ್ತಗಾದ, ಆದರೆ ಕರಗದ ಬೆಣ್ಣೆಯನ್ನು ನಾಲ್ಕೈದು ಕಂತುಗಳಲ್ಲಿ ಸೇರಿಸಬೇಕು. ಹಿಂದಿನ ತುಂಡು ಪೂರ್ತಿ ಒಳಸೇರಿದ ಮೇಲೆಯೇ ಮುಂದಿನದು. ಬೆಣ್ಣೆಯನ್ನು ಕರಗಿಸಿ ಹಾಲಿನೊಂದಿಗೇ ಸುರಿಯುವ ಹಳೆಯ ಕ್ರಮವೂ ಸ್ವೀಡನ್ನಿನಲ್ಲಿದೆ, ಕೆಲಸವೂ ಅದರಲ್ಲಿ ಬೇಗ ಮುಗಿಯುತ್ತದೆ. ಆದರೆ ಹಿಟ್ಟಿನ ನಾರು ಬೆಳೆದ ಮೇಲೆ ಬೆಣ್ಣೆ ಸೇರಿದರೆ ಬನ್ನಿನ ಒಳಭಾಗ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಆ ಗುಣಕ್ಕಾಗಿ ಹತ್ತು ನಿಮಿಷ ಹೆಚ್ಚು ದುಡಿಯುವುದು ಸಾರ್ಥಕ. ಬೆಣ್ಣೆ ಹಾಕಿದ ಕೂಡಲೇ ಹಿಟ್ಟು ಜಾರಿ, ಹರಿದು, ಕೆಟ್ಟಂತೆ ತೋರುವುದು ಸಹಜ. ಹೆದರದೆ ಮುಂದುವರಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಯಂತ್ರದಲ್ಲಿ ಒಟ್ಟು ಹನ್ನೆರಡು ನಿಮಿಷ, ಕೈಯಲ್ಲಾದರೆ ಇಪ್ಪತ್ತು ನಿಮಿಷ ಬೇಕಾದೀತು.

ಹದ ಹೇಗಿರಬೇಕೆಂದರೆ ಹೋಳಿಗೆಯ ಕಣಕಕ್ಕಿಂತ ಒಂದು ಪಟ್ಟು ಗಟ್ಟಿ, ಚಪಾತಿಯ ಹಿಟ್ಟಿಗಿಂತ ಬಹಳ ಮೆದು. ಪಾತ್ರೆಯ ಅಂಚನ್ನು ಬಿಟ್ಟುಬರಬೇಕು, ಆದರೂ ಬೆರಳಿಗೆ ಸ್ವಲ್ಪ ತಾಗಬೇಕು. ಒಂದು ತುಣುಕನ್ನು ಬೆರಳುಗಳ ನಡುವೆ ನಿಧಾನವಾಗಿ ಎಳೆದರೆ ಹರಿಯದೆ, ಬೆಳಕು ಹಾಯುವಷ್ಟು ತೆಳುವಾದ ಪೊರೆಯಾಗಬೇಕು. ನಾದಿ ಮುಗಿದರೂ ಹಿಟ್ಟು ತಳಕ್ಕೆ ಬಳಿದುಕೊಂಡೇ ಇದ್ದರೆ ಮಾತ್ರ ತೆಗೆದಿಟ್ಟ ಮೈದಾವನ್ನು ಒಂದೊಂದೇ ಚಮಚ ಸೇರಿಸಬೇಕು. ನಮ್ಮ ಮೈದಾ ಒಂದೊಂದು ಗಿರಣಿಯದು ಒಂದೊಂದು ಪ್ರಮಾಣದಲ್ಲಿ ನೀರು ಹೀರುವುದರಿಂದ 50 ಗ್ರಾಂ ಪೂರ್ತಿ ಬೇಕಾಗಬಹುದು, ಏನೂ ಬೇಡದೆಯೂ ಇರಬಹುದು. ಉಳಿದರೆ ಅದನ್ನು ಡಬ್ಬಿಗೆ ಹಿಂದಿರುಗಿಸಬೇಕೇ ಹೊರತು ಅಳತೆ ಪೂರೈಸಬೇಕೆಂದು ಹಿಟ್ಟಿಗೆ ಸುರಿಯಬಾರದು.

ಮೊದಲ ಉಬ್ಬುವಿಕೆಗೆ ಹಿಟ್ಟನ್ನು ಉಂಡೆ ಮಾಡಿ, ಬೆಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಮುಚ್ಚಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಅದು ಇಮ್ಮಡಿಯಾಗಲು ಒಂದೂಕಾಲು ಗಂಟೆಯಾದೀತು. ಮಂಗಳೂರಿನ ಸೆಖೆಯಲ್ಲಿ ಮುಕ್ಕಾಲು ಗಂಟೆಯಲ್ಲೇ ಆದೀತು. ಗಡಿಯಾರವನ್ನು ನಂಬುವುದಕ್ಕಿಂತ ಹಿಟ್ಟನ್ನು ನೋಡುವುದು ಸರಿ: ಮೈದಾ ತಾಗಿಸಿದ ಬೆರಳನ್ನು ಚುಚ್ಚಿ ತೆಗೆದಾಗ ಗುಳಿ ಹಾಗೆಯೇ ಉಳಿದರೆ ಉಬ್ಬಿದ್ದು ಸಾಕು.

ಸುರುಳಿ ಸುತ್ತುವುದು

ಒಣದ್ರಾಕ್ಷಿಗಳನ್ನು ಬಿಸಿ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ಬಟ್ಟೆಯಲ್ಲಿ ಒರೆಸಿಟ್ಟುಕೊಳ್ಳಬೇಕು. ನೆನೆಸದ ದ್ರಾಕ್ಷಿ ಓವನ್ನಿನ ಬಿಸಿಗೆ ಸುಟ್ಟು ಕಹಿಯಾಗುತ್ತದೆ. ಅಷ್ಟೇ ಅಲ್ಲ, ಸುತ್ತಲಿನ ಹಿಟ್ಟಿನಿಂದಲೂ ನೀರನ್ನು ಎಳೆದುಕೊಳ್ಳುತ್ತದೆ.

ಉಬ್ಬಿದ ಹಿಟ್ಟನ್ನು ಮೆಲ್ಲನೆ ಅದುಮಿ ಗಾಳಿ ಹೊರಡಿಸಿ, 60 ಗ್ರಾಂ ತೂಕದ ಹದಿನೆಂಟು ಉಂಡೆಗಳನ್ನಾಗಿ ವಿಂಗಡಿಸಬೇಕು. ಎಲ್ಲವೂ ಒಂದೇ ತೂಕದಲ್ಲಿದ್ದರೆ ಎಲ್ಲವೂ ಒಂದೇ ನಿಮಿಷಕ್ಕೆ ಬೇಯುತ್ತವೆ, ಆದ್ದರಿಂದ ಇಲ್ಲೂ ತಕ್ಕಡಿ ಬೇಕು. ಉಂಡೆಗಳನ್ನು ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟ ಮೇಲೆ, ಒಂದೊಂದನ್ನೇ ಎರಡೂ ಅಂಗೈಗಳಡಿ ಹೊಸೆಯುತ್ತಾ ಮೂವತ್ತು ಸೆಂಟಿಮೀಟರ್ ಉದ್ದದ, ಬೆರಳು ದಪ್ಪದ ಹುರಿಯನ್ನಾಗಿ ಮಾಡಬೇಕು. ಮಣೆಯ ಮೇಲೆ ಹಿಟ್ಟು ಉದುರಿಸಬಾರದು. ಹಿಟ್ಟು ಉದುರಿಸಿದರೆ ಹುರಿ ಜಾರುತ್ತದೆಯೇ ಹೊರತು ಉದ್ದವಾಗುವುದಿಲ್ಲ, ಮೇಲ್ಮೈಯೂ ಒಣಗುತ್ತದೆ. ಅಂಟಿದರೆ ಅಂಗೈಗೆ ಒಂದು ಹನಿ ಎಣ್ಣೆ ಹಚ್ಚಿಕೊಂಡರೆ ಸಾಕು. ಹುರಿ ಹಿಂದಕ್ಕೆ ಕುಗ್ಗುತ್ತಿದ್ದರೆ ಎಳೆಯದೆ, ಅದನ್ನು ಬದಿಗಿಟ್ಟು ಮುಂದಿನದನ್ನು ಹೊಸೆದು, ಮತ್ತೆ ಅದಕ್ಕೆ ಬರಬೇಕು.

ಈಗ ಹುರಿಯನ್ನು ಅಡ್ಡಲಾಗಿ ಇಟ್ಟು, ಬಲತುದಿಯನ್ನು ಕೆಳಮುಖವಾಗಿಯೂ ಎಡತುದಿಯನ್ನು ಮೇಲ್ಮುಖವಾಗಿಯೂ ಸುತ್ತುತ್ತಾ ಬರಬೇಕು. ಎರಡು ಸುರುಳಿಗಳು ನಡುವಿನಲ್ಲಿ ಒಂದನ್ನೊಂದು ಮುಟ್ಟಿದಾಗ ಇಂಗ್ಲಿಷಿನ ಎಸ್ ಅಕ್ಷರದ ರೂಪ ಬರುತ್ತದೆ. ಸುರುಳಿ ಸಡಿಲವಾದರೆ ಉಬ್ಬುವಾಗ ಬಿಚ್ಚಿಕೊಂಡು ಆಕಾರ ಅಳಿಯುತ್ತದೆ. ಬಿಗಿಯಾಗಿ ಎಳೆದು ಸುತ್ತಿದರೆ ಬೇಯುವಾಗ ಹೊರಪದರ ಸೀಳುತ್ತದೆ ಅಥವಾ ನಡುಭಾಗ ಗೋಪುರದಂತೆ ಮೇಲೇಳುತ್ತದೆ. ಪದರಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ಎಲ್ಲಿಯೂ ಎಳೆತವಿಲ್ಲದಂತೆ, ಹುರಿಯನ್ನು ಎತ್ತದೆ ಮಣೆಯ ಮೇಲೆಯೇ ಉರುಳಿಸುತ್ತಾ ಸುತ್ತುವುದು ಸರಿಯಾದ ಕ್ರಮ. ನಾಲ್ಕೈದು ಸುತ್ತುವಷ್ಟರಲ್ಲಿ ಕೈಗೆ ಹದ ತಿಳಿಯುತ್ತದೆ.

ಸರಳವಾದ ಈ ಆಕಾರಕ್ಕೆ ಸ್ವೀಡನ್ನಿನಲ್ಲಿ ಯೂಲ್‌ಗಾಲ್ಟ್, ಅಂದರೆ ಕ್ರಿಸ್ಮಸ್ ಹಂದಿ ಎಂಬ ಹಳೆಯ ಹೆಸರೂ ಇದೆ. ಇಂಥ ಎರಡನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ನಾಲ್ಕು ಸುರುಳಿಯ ಬನ್ನು ಮಾಡುವುದುಂಟು. ಹಲವು ಹುರಿಗಳನ್ನು ಕಮಾನಿನಂತೆ ಬಾಗಿಸಿ ಒಂದರೊಳಗೊಂದು ಕೂರಿಸಿ, ತುದಿಗಳನ್ನು ಹೊರಕ್ಕೆ ಸುತ್ತಿ, ಪಾದ್ರಿಯ ಕೂದಲು ಎಂದು ಕರೆಯುವ ದೊಡ್ಡ ಬ್ರೆಡ್ಡು ಮಾಡುವುದೂ ಉಂಟು. ಮಕ್ಕಳು ಜೊತೆಗೆ ಕುಳಿತಿದ್ದರೆ ಅವರಿಗೊಂದು ಉಂಡೆ ಕೊಟ್ಟು ಇಷ್ಟ ಬಂದ ಆಕಾರ ಮಾಡಲು ಬಿಡಬಹುದು. ಆದರೆ ದೊಡ್ಡ ಆಕಾರಗಳನ್ನು ಸಣ್ಣವುಗಳ ಜೊತೆ ಒಂದೇ ಟ್ರೇಯಲ್ಲಿ ಇಡಬಾರದು.

ಸುತ್ತಿದ ಬನ್ನುಗಳನ್ನು ಬೇಕಿಂಗ್ ಪೇಪರ್ ಹಾಸಿದ ಟ್ರೇಯಲ್ಲಿ ನಾಲ್ಕೈದು ಸೆಂಟಿಮೀಟರ್ ಅಂತರದಲ್ಲಿ ಇಟ್ಟು, ತೆಳುವಾದ ಬಟ್ಟೆ ಮುಚ್ಚಿ, ಮೂವತ್ತರಿಂದ ನಲವತ್ತು ನಿಮಿಷ ಮತ್ತೆ ಉಬ್ಬಲು ಬಿಡಬೇಕು. ಪಕ್ಕದಲ್ಲಿ ಬೆರಳಿನಿಂದ ಮೆಲ್ಲನೆ ಒತ್ತಿದಾಗ ಗುಳಿ ನಿಧಾನವಾಗಿ ತುಂಬಿಕೊಂಡರೆ ಬೇಯಿಸುವ ಹೊತ್ತು ಬಂದಿದೆ ಎಂದರ್ಥ. ಕೂಡಲೇ ಪುಟಿದು ಬಂದರೆ ಇನ್ನೂ ಸ್ವಲ್ಪ ಕಾಯಬೇಕು. ದ್ರಾಕ್ಷಿಗಳನ್ನು ಈ ಹಂತದಲ್ಲಿ ಒತ್ತುವುದು ಉತ್ತಮ. ಸುರುಳಿಯ ನಟ್ಟನಡುವೆ, ಬೆರಳು ಟ್ರೇಯ ತಳ ಮುಟ್ಟುವಷ್ಟು ಆಳಕ್ಕೆ ಒತ್ತಬೇಕು. ಮೇಲೆಮೇಲೆ ಇಟ್ಟ ದ್ರಾಕ್ಷಿಯನ್ನು ಉಬ್ಬುವ ಹಿಟ್ಟು ಹೊರಕ್ಕೆ ನೂಕಿಬಿಡುತ್ತದೆ.

ಬೇಯಿಸುವುದು

ಹೆಚ್ಚು ಶಾಖ, ಕಡಿಮೆ ಹೊತ್ತು ಎಂಬುದು ಈ ಬನ್ನಿನ ನಿಯಮ. ಸ್ವೀಡನ್ನಿನಲ್ಲಿ ಸಾಮಾನ್ಯವಾಗಿ 225 ಡಿಗ್ರಿಯಲ್ಲಿ ಐದರಿಂದ ಎಂಟು ನಿಮಿಷ ಬೇಯಿಸುತ್ತಾರೆ. ಒಟಿಜಿಯಲ್ಲಿ ಕಂಬಿಗಳು ಹತ್ತಿರದಲ್ಲಿರುವುದರಿಂದ 215 ಡಿಗ್ರಿ ಸಾಕು. ಫ್ಯಾನ್ ಇರುವ ಓವನ್ನಾದರೆ 200. ಮೇಲಿನ ಮತ್ತು ಕೆಳಗಿನ ಎರಡೂ ಕಂಬಿಗಳನ್ನು ಹಾಕಿ, ಕನಿಷ್ಠ ಇಪ್ಪತ್ತು ನಿಮಿಷ ಮೊದಲೇ ಕಾಯಿಸಿರಬೇಕು. ಓವನ್ ಅರೆಬರೆ ಕಾದಿದ್ದರೆ ಬಣ್ಣ ಬರುವಷ್ಟರಲ್ಲಿ ಒಳಗಿನ ಪಸೆಯೆಲ್ಲ ಆರಿಹೋಗಿರುತ್ತದೆ.

ಮೊಟ್ಟೆಯನ್ನು ಒಂದು ಚಮಚ ಹಾಲು ಮತ್ತು ಚಿಟಿಕೆ ಉಪ್ಪಿನೊಂದಿಗೆ ಕದಡಿ, ಸೋಸಿ, ಮೆತ್ತನೆಯ ಕುಂಚದಿಂದ ತೆಳುವಾಗಿ ಸವರಬೇಕು. ಸುರುಳಿಯ ಸಂದುಗಳಲ್ಲಿ ಮೊಟ್ಟೆ ನಿಂತರೆ ಅಲ್ಲಿ ಆಮ್ಲೆಟಿನ ಪದರ ಕಟ್ಟುತ್ತದೆ. ಮೊಟ್ಟೆ ತಿನ್ನದವರು ಎರಡು ಚಮಚ ಹಾಲಿಗೆ ಒಂದು ಚಮಚ ಕೆನೆ ಮತ್ತು ಚಿಟಿಕೆ ಸಕ್ಕರೆ ಕದಡಿ ಸವರಬಹುದು. ಹೊಳಪು ಸ್ವಲ್ಪ ಕಡಿಮೆಯಾಗುತ್ತದೆ, ರುಚಿಗೆ ಭಂಗವಿಲ್ಲ. ಹಿಟ್ಟಿನಲ್ಲಿ ಮೊಟ್ಟೆ ಇಲ್ಲದ್ದರಿಂದ ಇಷ್ಟು ಮಾಡಿದರೆ ಬನ್ನು ಪೂರ್ತಿ ಸಸ್ಯಾಹಾರಿಯೇ ಆಗುತ್ತದೆ.

ಟ್ರೇಯನ್ನು ನಡುಹಂತದಲ್ಲಿಟ್ಟು ಏಳು ನಿಮಿಷಕ್ಕೆ ನೋಡಬೇಕು. ಮೇಲೆ ಹೊಂಗಂದು ಬಣ್ಣ ಬಂದು, ಒಂದನ್ನು ಎತ್ತಿದರೆ ತಳ ತಿಳಿಗಂದಾಗಿದ್ದು, ಪದರಗಳ ಸಂದುಗಳಲ್ಲಿ ಹಳದಿ ಇನ್ನೂ ಉಳಿದಿದ್ದರೆ ಆಗಲೇ ತೆಗೆಯಬೇಕು. ಒಂಬತ್ತು ನಿಮಿಷ ದಾಟುವ ಸಂದರ್ಭ ಅಪರೂಪ. ತಾಪಮಾಪಕ ಇದ್ದವರು ಒಳಗೆ 93 ಡಿಗ್ರಿ ಮುಟ್ಟಿತೆಂದರೆ ಬೆಂದಿದೆ ಎಂದು ತಿಳಿಯಬಹುದು. ಎಲ್ಲವೂ ಒಂದೇ ಟ್ರೇಯಲ್ಲಿ ಹಿಡಿಯದಿದ್ದರೆ ಎರಡನೆಯ ಟ್ರೇಯನ್ನು ಅಲ್ಲಿಯವರೆಗೆ ಫ್ರಿಜ್ಜಿನಲ್ಲಿ ಇಟ್ಟಿರಬೇಕು. ಇಲ್ಲವಾದರೆ ಮೊದಲನೆಯದು ಬೇಯುವಷ್ಟರಲ್ಲಿ ಎರಡನೆಯದು ಅತಿಯಾಗಿ ಉಬ್ಬಿರುತ್ತದೆ.

ಬೆಂದ ಬನ್ನುಗಳನ್ನು ತಂತಿಯ ಜಾಲರಿಯ ಮೇಲಿಟ್ಟು, ಕೂಡಲೇ ಹತ್ತಿ ಬಟ್ಟೆ ಮುಚ್ಚಬೇಕು. ಹೊರಬರುವ ಹಬೆ ಬಟ್ಟೆಯ ಕೆಳಗೇ ನಿಂತು ಮೇಲ್ಪದರವನ್ನು ಮೆತ್ತಗಿಡುತ್ತದೆ. ಕಾಫಿಯ ಜೊತೆ ಇವು ಬೆಚ್ಚಗಿರುವಾಗಲೇ ಸೊಗಸು. ಸ್ವೀಡನ್ನಿನಲ್ಲಿ ಇವುಗಳ ಪಕ್ಕದಲ್ಲಿ ಶುಂಠಿ, ಲವಂಗ, ಚಕ್ಕೆ ಹಾಕಿದ ತೆಳು ಬಿಸ್ಕತ್ತುಗಳನ್ನೂ, ಮಸಾಲೆ ಬೆರೆಸಿ ಬಿಸಿ ಮಾಡಿದ ಗ್ಲೋಗ್ ಎಂಬ ಪಾನೀಯವನ್ನೂ ಇಡುತ್ತಾರೆ. ನಮ್ಮ ಫಿಲ್ಟರ್ ಕಾಫಿಯೂ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ, ಡಿಕಾಕ್ಷನ್ ಸ್ವಲ್ಪ ಗಾಢವಾಗಿರಲಿ.

ನಸುಕಿಗೆ ಬಿಸಿಯಾಗಿ ಬಡಿಸಬೇಕೆಂದರೆ

ಲೂಸಿಯಾ ಬೆಳಗಿನ ಜಾವದ ಹಬ್ಬ. ಆರೂವರೆಗೆ ಬನ್ನು ಮೇಜಿನ ಮೇಲಿರಬೇಕೆಂದು ರಾತ್ರಿಯೆಲ್ಲ ಎಚ್ಚರವಿರುವ ಅಗತ್ಯವಿಲ್ಲ. ಹಾಗಿದ್ದಲ್ಲಿ ಕೇಸರಿಯನ್ನು 11ರ ರಾತ್ರಿ ನೆನೆಸಿ, 12ರ ಸಂಜೆ ಹಿಟ್ಟು ನಾದಿ, ಒಮ್ಮೆ ಉಬ್ಬಿಸಿ, ಸುರುಳಿ ಸುತ್ತಿ, ಟ್ರೇಯನ್ನು ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿ ಇಡಬೇಕು. ತಂಪಿನಲ್ಲಿ ಯೀಸ್ಟ್ ನಿಧಾನವಾಗಿ ಕೆಲಸ ಮಾಡುವುದರಿಂದ ರುಚಿಯೂ ಮಾಗುತ್ತದೆ. ಈ ಕ್ರಮಕ್ಕೆ ಯೀಸ್ಟನ್ನು 8 ಗ್ರಾಂನಿಂದ 5 ಗ್ರಾಂಗೆ ಇಳಿಸುವುದು ಒಳ್ಳೆಯದು. 13ರ ಬೆಳಗ್ಗೆ ಐದಕ್ಕೆ ಟ್ರೇಯನ್ನು ಹೊರತೆಗೆದು, ಹಿಟ್ಟಿನ ಚಳಿ ಬಿಟ್ಟು ಮತ್ತೆ ಉಬ್ಬಲು ಒಂದು ಗಂಟೆ ಕೊಟ್ಟು, ದ್ರಾಕ್ಷಿ ಒತ್ತಿ, ಮೊಟ್ಟೆ ಸವರಿ ಬೇಯಿಸಿದರೆ ಆರೂಕಾಲರೊಳಗೆ ಕೆಲಸ ಮುಗಿಯುತ್ತದೆ. ಮನೆ ತೀರಾ ತಣ್ಣಗಿದ್ದರೆ ಅರ್ಧ ಗಂಟೆ ಮೊದಲೇ ತೆಗೆಯಬೇಕಾದೀತು.

ಉಳಿದ ಬನ್ನನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು. ಆ ತಾಪಮಾನದಲ್ಲಿ ಹಿಟ್ಟಿನ ಪಿಷ್ಟ ಮತ್ತೆ ಗಟ್ಟಿಗೊಳ್ಳುವುದು ಅತಿ ವೇಗವಾಗಿ ನಡೆಯುವುದರಿಂದ ಹೊರಗಿಟ್ಟ ಬನ್ನಿಗಿಂತ ಬೇಗ ಹಳಸಲಾಗುತ್ತದೆ. ಅಂದು ಮತ್ತು ಮರುದಿನಕ್ಕೆ ಬೇಕಾದಷ್ಟನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹೊರಗಿಟ್ಟು, ಮಿಕ್ಕದ್ದನ್ನು ಆರಿದ ಕೂಡಲೇ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಬೇಕು. ಸ್ವೀಡನ್ನಿನ ಮನೆಗಳಲ್ಲೂ ಡಿಸೆಂಬರಿನ ಮೊದಲ ವಾರದಲ್ಲೇ ಬೇಯಿಸಿ ಹೀಗೆ ಫ್ರೀಜರಿನಲ್ಲಿಟ್ಟು, ಕ್ರಿಸ್ಮಸ್ಸಿನವರೆಗೂ ಬೇಕೆಂದಾಗ ತೆಗೆಯುವ ರೂಢಿಯಿದೆ. ತಿನ್ನುವ ಒಂದು ಗಂಟೆ ಮೊದಲು ಹೊರತೆಗೆದು, 150 ಡಿಗ್ರಿಯ ಓವನ್ನಿನಲ್ಲಿ ನಾಲ್ಕೈದು ನಿಮಿಷ ಬೆಚ್ಚಗೆ ಮಾಡಿದರೆ ಹೊಸದರಂತೆಯೇ ಆಗುತ್ತದೆ. ಮೈಕ್ರೋವೇವಿನಲ್ಲಾದರೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಇಡಬಾರದು. ಡಬ್ಬಿಯಲ್ಲೇ ಮರೆತು ಗಟ್ಟಿಯಾದ ಬನ್ನುಗಳಿದ್ದರೆ ಬಿಲ್ಲೆಗಳಾಗಿ ಕತ್ತರಿಸಿ, ಎರಡೂ ಬದಿಗೆ ತುಪ್ಪ ಸವರಿ, ದೋಸೆಯ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಕೆಂಪಗೆ ಸುಟ್ಟುಕೊಳ್ಳಬಹುದು.